ಎಣಿಕೆಯಲ್ಲ, ಅಂದಾಜು: ಕ್ಷೀರಪಥದ ನಕ್ಷತ್ರಸಂಖ್ಯೆಯನ್ನು ಕುರಿತು

ಆದಿಕಾಂಡದ ಹದಿನೈದನೆಯ ಅಧ್ಯಾಯವನ್ನು ಕುರಿತು ಪ್ರಬೋಧನೆ ನೀಡುತ್ತಿದ್ದಾಗ ನಾನೊಮ್ಮೆ, ನಮ್ಮ ಕ್ಷೀರಪಥದಲ್ಲಿ 40,000 ಕೋಟಿ ನಕ್ಷತ್ರಗಳಿರುವುದನ್ನು ವಿಜ್ಞಾನಿಗಳು ಎಣಿಸಿದ್ದಾರೆಂದು ಹೇಳಿದೆ. ಪೂಜೆಯ ಬಳಿಕ ಗುರು ಅಭ್ಯರ್ಥಿಯೊಬ್ಬರು, "ಫಾದರ್, ಎಣಿಸಿದವರು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಎಣಿಸಿಲ್ಲ ಎಂಬುದೇ ಸರಿಯಾದ ಉತ್ತರವೆಂದು ಅನಂತರ ಓದಿ ತಿಳಿದೆ. ಎಣಿಸದೆಯೇ ಆ ಸಂಖ್ಯೆಯನ್ನು ತಲುಪುವ ಬಗೆ ಯಾವುದು, ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಬೆಳದಿಂಗಳಿಲ್ಲದ ರಾತ್ರಿಯಲ್ಲಿ ಬರಿಗಣ್ಣಿಗೆ ಒಮ್ಮೆಗೆ ಕಾಣುವ ನಕ್ಷತ್ರಗಳು ಎರಡು ಮೂರು ಸಾವಿರದಷ್ಟು ಮಾತ್ರ. 1785ರಲ್ಲಿ ವಿಲಿಯಂ ಹರ್ಷೆಲ್ ತಮ್ಮ ದೂರದರ್ಶಕದಿಂದ ಆಕಾಶದ ನೂರಾರು ಭಾಗಗಳಲ್ಲಿ ನಕ್ಷತ್ರಗಳನ್ನು ಎಣಿಸಿ ಕ್ಷೀರಪಥದ ನಕ್ಷೆಯೊಂದನ್ನು ರಚಿಸಿದರು. ಅದರಲ್ಲಿ ಸೂರ್ಯನು ನಡುಭಾಗದ ಸಮೀಪದಲ್ಲಿದ್ದನು. ನಕ್ಷತ್ರಗಳ ನಡುವೆ ಹರಡಿರುವ ಧೂಳು ದೂರದ ಬೆಳಕನ್ನು ಮರೆಮಾಡುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ತೋರಿಸಿಕೊಟ್ಟರು. 2013ರಲ್ಲಿ ಉಡಾವಣೆಗೊಂಡ ಯುರೋಪಿನ ಗಾಯಾ ವ್ಯೋಮನೌಕೆ ಸುಮಾರು 180 ಕೋಟಿ ಆಕಾಶಕಾಯಗಳನ್ನು ಪಟ್ಟಿಮಾಡಿದೆ. ಇದು ಒಟ್ಟು ನಕ್ಷತ್ರಗಳಲ್ಲಿ ನೂರಕ್ಕೆ ಒಂದೆರಡು ಪಾಲನ್ನೂ ಮೀರದು.

ಆದುದರಿಂದ ಎಣಿಸುವ ಬದಲು ತೂಗಬೇಕಾಗುತ್ತದೆ. ಕಾಣಿಕೆ ಡಬ್ಬಿಯನ್ನು ತೆರೆಯದೆ ಅದರಲ್ಲಿರುವ ನಾಣ್ಯಗಳೆಷ್ಟೆಂದು ಹೇಳಬೇಕಾಗಿದೆಯೆಂದು ಭಾವಿಸೋಣ. ಡಬ್ಬಿಯನ್ನು ತೂಗಿ, ಬರಿಯ ಡಬ್ಬಿಯ ತೂಕವನ್ನು ಕಳೆದು, ಉಳಿದುದನ್ನು ಒಂದು ನಾಣ್ಯದ ಸರಾಸರಿ ತೂಕದಿಂದ ಭಾಗಿಸಬೇಕು. ಖಗೋಳವಿಜ್ಞಾನಿಗಳು ಅನುಸರಿಸುವ ಕ್ರಮವೂ ಇದೇ.

ಕ್ಷೀರಪಥವು ಒಂದು ಸುರುಳಿ ಗೆಲಾಕ್ಸಿ. ಅದರ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿರುವ ಸೂರ್ಯನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದಾನೆ. ಈ ವೇಗದಲ್ಲಿ ಸಾಗುವ ಸೂರ್ಯನನ್ನು ಕಕ್ಷೆಯಲ್ಲಿ ಹಿಡಿದಿಡುವ ಗುರುತ್ವಾಕರ್ಷಣೆಗೆ ಎಷ್ಟು ದ್ರವ್ಯರಾಶಿ ಬೇಕೆಂಬುದನ್ನು ನ್ಯೂಟನ್ನರ ನಿಯಮದಿಂದ ಗಣಿಸಬಹುದು. ಸೂರ್ಯನ ಕಕ್ಷೆಯೊಳಗೆ ಸುಮಾರು 9,000 ಕೋಟಿ ಸೂರ್ಯರಿಗೆ ಸಮನಾದ ದ್ರವ್ಯರಾಶಿಯಿದೆ ಎಂಬ ಫಲ ದೊರೆಯುತ್ತದೆ.

ಆದರೆ ಇದರಲ್ಲಿ ಡಬ್ಬಿಯ ತೂಕವೂ ಸೇರಿದೆ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ನೆರೆಯ ಸುರುಳಿ ಗೆಲಾಕ್ಸಿಯಾದ ಆಂಡ್ರೊಮಿಡಾದ ಭ್ರಮಣವೇಗವನ್ನು ಅಳೆದು ಪ್ರಕಟಿಸಿದರು. ಕೇಂದ್ರದಿಂದ ಬಹುದೂರ ಹೋದರೂ ವೇಗವು ನಿರೀಕ್ಷೆಯಂತೆ ಇಳಿಯಲಿಲ್ಲ. ಇಂಥ ಅಳತೆಗಳಿಂದಾಗಿ, ಬೆಳಗದ ಕಪ್ಪು ದ್ರವ್ಯವೊಂದು ಗೆಲಾಕ್ಸಿಗಳನ್ನು ಆವರಿಸಿದೆಯೆಂಬ ತೀರ್ಮಾನ ಬಲಗೊಂಡಿತು. ಕ್ಷೀರಪಥದಲ್ಲಿಯೂ ಕಪ್ಪು ದ್ರವ್ಯವನ್ನೂ ಅನಿಲವನ್ನೂ ಬದಿಗಿರಿಸಿ, ಧೂಳನ್ನು ದಾಟಿ ಬರುವ ಅವಕೆಂಪು ಬೆಳಕಿನ ನೆರವಿನಿಂದ ನಕ್ಷತ್ರಗಳ ಪಾಲನ್ನಷ್ಟೇ ಅಂದಾಜಿಸಿದರೆ, ಇಡೀ ಗೆಲಾಕ್ಸಿಗೆ ಅದು ಸುಮಾರು 5,000ದಿಂದ 6,000 ಕೋಟಿ ಸೂರ್ಯರಷ್ಟಾಗುತ್ತದೆ.

ಇನ್ನು ಉಳಿದದ್ದು ಒಂದು ನಕ್ಷತ್ರದ ಸರಾಸರಿ ತೂಕ. ರೋಮಿನಲ್ಲಿ 1860ರ ದಶಕದಲ್ಲಿ ಯೇಸುಸಭೆಯ ಗುರುಗಳಾದ ಆಂಜೆಲೊ ಸೆಕ್ಕಿ ನಕ್ಷತ್ರಗಳ ಬೆಳಕನ್ನು ರೋಹಿತವಾಗಿ ಬಿಡಿಸಿ ಅವುಗಳನ್ನು ವರ್ಗೀಕರಿಸಿದರು. ಆ ಹಾದಿಯಲ್ಲಿ ಮುಂದುವರಿದ ಅಧ್ಯಯನಗಳಿಂದ ತಿಳಿದುಬಂದಂತೆ, ಸೂರ್ಯನಿಗಿಂತ ಚಿಕ್ಕವೂ ಮಂದವೂ ಆದ ಕೆಂಪು ಕುಬ್ಜಗಳೇ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯೂ ಅಂಥದೇ. ಅದು ಬರಿಗಣ್ಣಿಗೆ ಕಾಣಿಸದು. ಸರಾಸರಿ ತೂಕವನ್ನು ಸೂರ್ಯನ ಅರ್ಧವೆಂದು ಹಿಡಿದರೆ 10,000 ಕೋಟಿಗೆ ತುಸು ಹೆಚ್ಚು ನಕ್ಷತ್ರಗಳಾಗುತ್ತವೆ. ಮೂರನೆಯ ಒಂದಕ್ಕಿಂತ ಕಡಿಮೆಯೆಂದು ಹಿಡಿದರೆ ಸುಮಾರು 20,000 ಕೋಟಿ. ಒಟ್ಟು ದ್ರವ್ಯರಾಶಿಯನ್ನೂ ಮಂದ ನಕ್ಷತ್ರಗಳ ಪಾಲನ್ನೂ ಇನ್ನಷ್ಟು ಹೆಚ್ಚಿಸಿದರೆ 40,000 ಕೋಟಿ. ನಾನು ಪೀಠದಿಂದ ಸಾರಿದ್ದು ಈ ವ್ಯಾಪ್ತಿಯ ಮೇಲಂಚನ್ನು ಮಾತ್ರ, ಅದೂ ಎಣಿಕೆಯೆಂಬ ಹೆಸರಿನಲ್ಲಿ.

ಈ ವ್ಯಾಪ್ತಿಯನ್ನು ವಿಜ್ಞಾನದ ಸೋಲೆಂದು ಬಗೆದು, ಅದರ ಬಿರುಕಿನಲ್ಲಿ ದೇವರಿಗೆ ಸ್ಥಾನ ಹುಡುಕುವುದು ತರವಲ್ಲ. ತನ್ನ ಅರಿವಿನ ಮೇರೆಯನ್ನು ಅರಿವಿನ ಜೊತೆಯಲ್ಲಿಯೇ ಹೇಳುವುದು ಪ್ರಾಮಾಣಿಕತೆ. ನಕ್ಷತ್ರಗಳನ್ನು ಎಣಿಸಿ ಹೆಸರಿಡುವ ಕಾರ್ಯವನ್ನು 147ನೆಯ ಕೀರ್ತನೆಯು ಸೃಷ್ಟಿಕರ್ತನಿಗೆ ಒಪ್ಪಿಸುತ್ತದೆ. ನಮ್ಮ ಪಾಲಿನದು ಅಂದಾಜು. ದೊಡ್ಡ ಸಂಖ್ಯೆಯಿಂದ ಸಭೆಯನ್ನು ಬೆರಗುಗೊಳಿಸುವ ಆಸೆ ನಮಗೆ ಬಂದಾಗ, "10,000 ಕೋಟಿಗೂ 40,000 ಕೋಟಿಗೂ ನಡುವೆ ಇರಬಹುದೆಂದು ಅಂದಾಜು" ಎಂದು ಹೇಳಿದರೆ ಬೆರಗು ಕುಂದದು. ಸತ್ಯವನ್ನು ಸಾರಲು ನಿಂತ ಪೀಠದಲ್ಲಿ ಸಣ್ಣ ಉತ್ಪ್ರೇಕ್ಷೆಗೂ ಎಡೆಯಿರಬಾರದು. ಆ ಅಭ್ಯರ್ಥಿಗೆ ಈ ಉತ್ತರವನ್ನು ಕೊಡಲು ನನಗೆ ಒಂದು ವಾರ ಹಿಡಿಯಿತು. ಮುಂದಿನ ಭಾನುವಾರ ಸಭೆಯ ಮುಂದೆಯೂ ತಿದ್ದಿಕೊಂಡೆ.