ಹಿಂಡಿದ ಸೊಪ್ಪಿನ ಋಣ

ಮಂಗಳೂರಿನಲ್ಲಿ ಮಲೇರಿಯಾ ಬಂದು ಮಲಗಿದ್ದಾಗ, ಎರಡು ಕಂಬಳಿ ಹೊದ್ದರೂ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ನನ್ನನ್ನು ಎಬ್ಬಿಸಿ ಕೂರಿಸಿದ ಆರ್ಟಿಸುನೇಟ್ ಮಾತ್ರೆಯ ಮೂಲ ಚೀನಾದ ಚಿಂಗ್‌ಹಾವ್ ಸೊಪ್ಪು.

1969ರಲ್ಲಿ ಬೀಜಿಂಗಿನ ವಿಜ್ಞಾನಿ ತೂ ಯೂಯೂ ಮಲೇರಿಯಾ ಮದ್ದಿಗಾಗಿ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡತೊಡಗಿದರು. ಅವುಗಳಲ್ಲಿ ಕಂಡ ಚಿಂಗ್‌ಹಾವ್ ಸೊಪ್ಪು ಪ್ರಯೋಗದಲ್ಲಿ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಆ ಗ್ರಂಥಗಳಲ್ಲೊಂದನ್ನು ಬರೆದ ನಾಲ್ಕನೇ ಶತಮಾನದ ವೈದ್ಯ ಗ ಹೋಂಗ್ ಅದನ್ನು ಕುದಿಸಲು ಹೇಳಿರಲಿಲ್ಲ. ನೀರಲ್ಲಿ ನೆನೆಸಿ, ಹಿಂಡಿ ಕುಡಿಯಲು ಹೇಳಿದ್ದ. ಕಾವಿಗೆ ಸತ್ವ ಕೆಡುತ್ತಿದೆ ಎಂದು ಊಹಿಸಿದ ತೂ, ಕಡಿಮೆ ಉಷ್ಣದಲ್ಲೇ ಕುದಿಯುವ ಈಥರ್ ಬಳಸಿದರು. 1971ರಲ್ಲಿ ಸಿಕ್ಕ ಸಾರ ಇಲಿ, ಕೋತಿಗಳಲ್ಲಿ ಗೆದ್ದಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಸೇವಿಸಿ ನೋಡಿದರು. 2015ರಲ್ಲಿ ನೊಬೆಲ್ ಬಂತು.

ಹಿರಿಯರ ಅನುಭವ ದಾರಿ ತೋರಿತು, ಪ್ರಯೋಗಾಲಯ ಒರೆಗೆ ಹಚ್ಚಿತು. ಎರಡೂ ಕೂಡಿದ್ದರಿಂದಲೇ ನಾನು ಎದ್ದು ಕೂತೆ.