ಮೂಗಿಗಿಂತ ಮೂಗುತಿ ಭಾರವಾದೀತು, ಜೋಕೆ!

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಫೀಸು ಕಟ್ಟಿದ್ದೂ ಆಯಿತು. ಇನ್ನು ಉಸಿರು ಬಿಡಬಹುದು ಎನ್ನುವಷ್ಟರಲ್ಲಿ ಅವಳು ಮೆಲ್ಲಗೆ ಬಾಯಿ ತೆರೆದಳು: 'ಅಪ್ಪಾ, ಒಂದು ಕಂಪ್ಯೂಟರ್ ಬೇಕಾಗುತ್ತೆ.'

ತುಮಕೂರಿನ ದರ್ಜಿಯೊಬ್ಬರು 2024ರ ಆಗಸ್ಟ್ ತಿಂಗಳಲ್ಲಿ ನನ್ನ ಬಳಿ ಬಂದದ್ದು ಈ ಚಿಂತೆ ಹೊತ್ತು. ಕೈಯಲ್ಲಿ ಚೀಟಿ ಎತ್ತಿದ 45 ಸಾವಿರ ರೂಪಾಯಿ. ಅದರ ಮೇಲೆ ಒಂದು ರೂಪಾಯಿ ಹುಟ್ಟುವ ಹಾಗಿರಲಿಲ್ಲ. ಜೇಬಿನಲ್ಲಿ ಅಂಗಡಿಯವನೊಬ್ಬ ಬರೆದುಕೊಟ್ಟ ಕೊಟೇಷನ್ ಬೇರೆ. 'ನೀವೊಮ್ಮೆ ನೋಡಿ ಸಾರ್, ನನಗೆ ಇದರ ತಲೆಬುಡ ತಿಳಿಯೋಲ್ಲ' ಎಂದರು.

ನೋಡಿದೆ. ಬಣ್ಣದ ದೀಪ ಮಿನುಗುವ ಮೂರು ಫ್ಯಾನುಗಳ ಗಾಜಿನ ಕ್ಯಾಬಿನೆಟ್, 'ಐ5 ಪ್ರೊಸೆಸರ್', 8 ಜಿಬಿ ರ‍್ಯಾಮ್, '2 ಜಿಬಿ ಗ್ರಾಫಿಕ್ಸ್ ಕಾರ್ಡ್'. ಮದರ್‌ಬೋರ್ಡ್ ಎಂಬಲ್ಲಿ 'ಬೋರ್ಡ್ – 1' ಎಂದಿಷ್ಟೇ. ಎಸ್‌ಎಂಪಿಎಸ್ ಎಂಬಲ್ಲಿ 'ಕ್ಯಾಬಿನೆಟ್ ಜೊತೆ ಫ್ರೀ'. ತಲೆಬರಹ: 'ಗೇಮಿಂಗ್ ಪಿಸಿ'. ಬೆಲೆ 44,500. ದರ್ಜಿಯ ಭಾಷೆಯಲ್ಲೇ ಹೇಳುವುದಾದರೆ ಗುಂಡಿ, ಜರಿ, ಲೇಸು ಎಲ್ಲ ಭರ್ಜರಿಯಾಗಿತ್ತು. ಬಟ್ಟೆ ಯಾವುದೆಂಬುದನ್ನು ಮಾತ್ರ ಬರೆದಿರಲಿಲ್ಲ.

'ಐ5' ಎಂಬುದನ್ನೇ ತೆಗೆದುಕೊಳ್ಳಿ. ಇಂಟೆಲ್ ಕಂಪನಿ ಆ ಹೆಸರಿನ ಮೊದಲ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟದ್ದು 2009ರಲ್ಲಿ. ಅಲ್ಲಿಂದೀಚೆಗೆ ಹತ್ತಕ್ಕೂ ಹೆಚ್ಚು ತಲೆಮಾರುಗಳು ಬಂದುಹೋಗಿವೆ. ಬರಿಯ 'ಐ5' ಎಂದರೆ 'ಬೆಂಗಳೂರಿಗೆ ಹೋಗುವ ಬಸ್ಸು' ಎಂದಷ್ಟೇ ಹೇಳಿದ ಹಾಗೆ. ಎಷ್ಟು ಹೊತ್ತಿಗೆ ತಲುಪುತ್ತದೋ ದೇವರೇ ಬಲ್ಲ! ಐ5-12400 ಎಂದು ಪೂರ್ತಿ ಬರೆದಿದ್ದರೆ ಮೊದಲ 12 ಎಂಬುದು ಹನ್ನೆರಡನೆಯ ತಲೆಮಾರು ಎಂದು ಗೊತ್ತಾಗುತ್ತದೆ. ವಿಚಾರಿಸಿದಾಗ ತಿಳಿದದ್ದು: ಅಂಗಡಿಯವನು ಕೊಡಲಿದ್ದದ್ದು ಮೂರನೆಯ ತಲೆಮಾರಿನದು, ಎಂದರೆ 2012ರ ಸರಕು. ಹಳೆಯ ಯಂತ್ರಗಳಿಂದ ಬಿಚ್ಚಿದ ಇಂಥ ಪ್ರೊಸೆಸರುಗಳನ್ನು ಹೊಸದಾಗಿ ತಯಾರಿಸಿದ ಅಗ್ಗದ ಬೋರ್ಡಿನ ಮೇಲೆ ಕೂರಿಸಿ 'ಹೊಸ ಕಂಪ್ಯೂಟರ್' ಎಂದು ಮಾರುವುದುಂಟು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದೆಯೆಂದು ಮೈಕ್ರೋಸಾಫ್ಟ್ ಆಗಲೇ ಸಾರಿತ್ತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೆಯ ತಲೆಮಾರಾದರೂ ಇರಬೇಕು. ಅಂದರೆ ಮಗಳು ಎರಡನೆಯ ವರ್ಷ ಮುಗಿಸುವ ಮುನ್ನವೇ ಈ ಯಂತ್ರಕ್ಕೆ ವಯಸ್ಸಾಗಿರುತ್ತಿತ್ತು.

ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಅಷ್ಟೆ. ಅದು ಎನ್‌ವಿಡಿಯಾ ಕಂಪನಿಯ ಜಿಟಿ 730. 2014ರಲ್ಲಿ ಬಂದದ್ದು. ಇವತ್ತಿನ ಎಷ್ಟೋ ಪ್ರೊಸೆಸರುಗಳ ಒಳಗೇ ಅಡಗಿರುವ ಗ್ರಾಫಿಕ್ಸ್ ಇದಕ್ಕಿಂತ ಚುರುಕು. 'ಕಾರ್ಡ್ ಇದೆ' ಎಂದು ಹೇಳಿಕೊಳ್ಳುವುದಕ್ಕಷ್ಟೇ ಅದು ಅಲ್ಲಿತ್ತು.

ಮೊದಲು ಕೆಲಸ, ಆಮೇಲೆ ಯಂತ್ರ

'ನಿನ್ನ ಕಾಲೇಜಿನಲ್ಲಿ ಏನು ಕಲಿಸುತ್ತಾರಮ್ಮ?' ಎಂದು ಹುಡುಗಿಯನ್ನು ಕೇಳಿದೆ. ಅಂಗಡಿಯವನು ಈ ಪ್ರಶ್ನೆ ಕೇಳಿಯೇ ಇರಲಿಲ್ಲವಂತೆ! ಕಂಪ್ಯೂಟರ್ ಸೈನ್ಸ್, ಮೊದಲು ಸಿ, ಪೈಥಾನ್, ಆಮೇಲೆ ಜಾವಾ. ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಬಿ.ಕಾಂ. ಓದುವವರ ಟ್ಯಾಲಿಗಂತೂ ಬೇಡವೇ ಬೇಡ. ಆರ್ಕಿಟೆಕ್ಚರ್, ಅನಿಮೇಷನ್, ಮೂರು ಆಯಾಮದ ವಿನ್ಯಾಸ ಎಂದರೆ ಮಾತು ಬೇರೆ. ಅಲ್ಲಿ ಕಾರ್ಡಿಗೆ ಹಣ ಹಾಕಿದರೆ ವ್ಯರ್ಥವಲ್ಲ. ಕೃತಕ ಬುದ್ಧಿಮತ್ತೆಯ ಪಾಠಗಳಿಗೆ ಎನ್‌ವಿಡಿಯಾ ಕಾರ್ಡೇ ಬೇಕೆಂದು ಹೆದರಿಸುವವರಿದ್ದಾರೆ. ಕಲಿಕೆಯ ಹಂತಕ್ಕೆ ಗೂಗಲ್ ಕೊಲಾಬ್‌ನಂಥ ಸೇವೆಗಳಲ್ಲಿ ಇಂತಿಷ್ಟು ಹೊತ್ತು ಪುಕ್ಕಟೆಯಾಗಿ ದೂರದ ಕಾರ್ಡನ್ನು ಬಳಸಬಹುದು. ಮನೆಯಲ್ಲಿ ಇಂಟರ್‌ನೆಟ್ ಇದ್ದರಾಯಿತು.

ಇನ್ನೊಂದು ಮಾತು. ಮಕ್ಕಳು ಹಾಸ್ಟೆಲಿನಲ್ಲಿ ಇರುವವರಾದರೆ ಲ್ಯಾಪ್‌ಟಾಪೇ ಸರಿ. ಈ ಲೇಖನ ಮನೆಯಿಂದ ಓಡಾಡುವವರಿಗೆ. ಅದೇ ಹಣಕ್ಕೆ ದೊಡ್ಡ ಪರದೆ, ಹೆಚ್ಚು ಶಕ್ತಿ, ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಿಸುವ ಅನುಕೂಲ ಅವರಿಗೆ ಮೇಜಿನ ಮೇಲಿನ ಯಂತ್ರದಲ್ಲಿ ಸಿಗುತ್ತದೆ.

ಬಿಡಿಭಾಗ ಕೊಂಡು ಜೋಡಿಸುವ ಈ ಪದ್ಧತಿ ಹೊಸದೇನಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರಗೆ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿತು. ಮಿಕ್ಕವರು ಅದನ್ನು ನಕಲು ಮಾಡಿದರು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಅಳತೆಯಿಂದಾಗಿಯೇ ಇವತ್ತಿಗೂ ಒಬ್ಬರ ಬೋರ್ಡು ಇನ್ನೊಬ್ಬರ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ 'ಅಸೆಂಬಲ್ಡ್' ಕಂಪ್ಯೂಟರುಗಳ ವ್ಯಾಪಾರ ನಿಂತಿರುವುದೂ ಇದೇ ಅಳತೆಯ ಮೇಲೆ.

ಅಲ್ಲಿಗೇ ಹೊರಟೆವು, ಮೂವರೂ.

ಎತ್ತು ಏರಿಗೆ, ಕೋಣ ನೀರಿಗೆ

ಮೊದಲು ಪ್ರೊಸೆಸರ್. ಎಎಂಡಿ ಕಂಪನಿಯ ರೈಜೆನ್ 5 5600ಜಿ ಆರಿಸಿದೆವು. 2021ರದು, ಆರು ಕೋರುಗಳು, ಕೊನೆಯ 'ಜಿ' ಎಂದರೆ ಗ್ರಾಫಿಕ್ಸ್ ಒಳಗೇ ಇದೆ ಎಂದರ್ಥ. ಈ ಬಾಲಾಕ್ಷರಗಳನ್ನು ತಾತ್ಸಾರ ಮಾಡಬೇಡಿ. ಇಂಟೆಲ್‌ನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಸಾವಿರವೋ ಎರಡು ಸಾವಿರವೋ ಉಳಿಯಿತೆಂದು 'ಎಫ್' ತಂದು, ಬೇರೆ ಕಾರ್ಡ್ ಹಾಕದೆ, 'ಪರದೆಯಲ್ಲಿ ಏನೂ ಬರುತ್ತಿಲ್ಲ' ಎಂದು ಮರಳಿ ಓಡಿದವರನ್ನು ಕಂಡಿದ್ದೇನೆ.

ಪ್ರೊಸೆಸರಿಗೆ ತಕ್ಕ ಬೋರ್ಡು ಬೇಕು, ಬೋರ್ಡಿಗೆ ತಕ್ಕ ರ‍್ಯಾಮ್ ಬೇಕು. ಈ ಮೂರೂ ಒಂದೇ ಕುಟುಂಬ. 5600ಜಿ ಕೂರುವುದು ಎಎಂ4 ಎಂಬ ಸಾಕೆಟ್ಟಿನಲ್ಲಿ. ಅದರ ರ‍್ಯಾಮ್ ಡಿಡಿಆರ್4. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮಾತ್ರ. ಎರಡರ ಗಾಡಿಯೂ (ಕಚ್ಚು) ಬೇರೆ ಜಾಗದಲ್ಲಿರುವುದರಿಂದ ಒಂದರ ಪಟ್ಟಿ ಇನ್ನೊಂದರಲ್ಲಿ ಕೂರುವುದೇ ಇಲ್ಲ. ಇಂಟೆಲ್‌ನ 12ರಿಂದ 14ರವರೆಗಿನ ತಲೆಮಾರಿಗೆ ಎರಡೂ ಬಗೆಯ ಬೋರ್ಡುಗಳಿವೆ, ಒಂದು ಬೋರ್ಡಿನಲ್ಲಿ ಸಾಮಾನ್ಯವಾಗಿ ಯಾವುದಾದರೂ ಒಂದೇ. ಆದ್ದರಿಂದ ಇವು ಮೂರನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಳ್ಳುವುದು ಲೇಸು. ಬೋರ್ಡು ಬಹಳ ದಿನ ಕಪಾಟಿನಲ್ಲಿದ್ದ ಹಳೆಯ ದಾಸ್ತಾನಾದರೆ ಹೊಸ ಪ್ರೊಸೆಸರನ್ನು ಗುರುತಿಸದೆ ಹಟ ಹಿಡಿಯಬಹುದು. ಅದರ ಬಯಾಸ್ ಹೊಸದು ಮಾಡಬೇಕಾಗುತ್ತದೆ. ಅದನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಿ.

ಎಎಂ4 ಹಳೆಯದಲ್ಲವೇ ಎಂದು ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ನಾಲ್ಕೈದು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದರೆ ಎಎಂ5 ಮೇಲು. ಆದರೆ ಅಂದಿನ ದರದಲ್ಲಿ ಆ ದಾರಿ ಹಿಡಿದಿದ್ದರೆ ಯುಪಿಎಸ್ಸೋ ಮಾನಿಟರೋ ಬಿಟ್ಟುಹೋಗುತ್ತಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆವು.

ರ‍್ಯಾಮ್ 16 ಜಿಬಿ. ಒಂದೇ ಪಟ್ಟಿಯಲ್ಲ, 8ರ ಎರಡು. ಒಳಗಿನ ಗ್ರಾಫಿಕ್ಸ್ ತನ್ನದೇ ಮೆಮೊರಿ ಇಲ್ಲದೆ ರ‍್ಯಾಮ್‌ನಿಂದಲೇ ಎರವಲು ಪಡೆಯುವುದರಿಂದ ಎರಡು ಪಟ್ಟಿಗಳಿದ್ದರೆ ದಾರಿ ಅಗಲವಾಗುತ್ತದೆ, ಕೆಲಸ ಚುರುಕಾಗುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆ ದಿನ ಈ ಎರಡು ಪಟ್ಟಿಗೆ ನಾವು ಕೊಟ್ಟದ್ದು ಸುಮಾರು ಮೂರೂವರೆ ಸಾವಿರ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ ಬೆಲೆ ಹುಚ್ಚುಕುದುರೆಯಂತೆ ಏರಿತು. ಹಳೆಯ ಲೆಕ್ಕ ನೆಚ್ಚಿಕೊಂಡು ಅಂಗಡಿಗೆ ಹೋಗಬೇಡಿ. ಹಣ ಸಾಲದಿದ್ದರೆ 8 ಜಿಬಿಯ ಒಂದೇ ಪಟ್ಟಿಯಿಂದ ಆರಂಭಿಸಿ. ಮುಂದೆ ಸುಲಭವಾಗಿ ಸೇರಿಸಬಹುದಾದ ಭಾಗ ಅದು. ಪ್ರೊಸೆಸರಿನಲ್ಲೋ ಎಸ್‌ಎಂಪಿಎಸ್‌ನಲ್ಲೋ ಜಿಪುಣತನ ಮಾಡಿದರೆ ಹೀಗೆ ಸೇರಿಸಿಕೊಳ್ಳಲಾಗದು.

ಸಂಗ್ರಹಕ್ಕೆ ಎಸ್‌ಎಸ್‌ಡಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರಿಂದ ಇನ್ನೂರು ಎಂಬಿ ಓದಿದರೆ, ಎನ್‌ವಿಎಂಇ ಎಂಬ ಪುಟ್ಟ ಪಟ್ಟಿ ಮೂರು ಸಾವಿರಕ್ಕೂ ಹೆಚ್ಚು ಓದುತ್ತದೆ. 500 ಜಿಬಿ ಸಾಕು. ಹಳೆಯ ಕಂಪ್ಯೂಟರ್ ಇರುವವರು ಈ ಒಂದು ಬದಲಾವಣೆ ಮಾಡಿ ನೋಡಿ, ಸತ್ತಂತಿದ್ದ ಯಂತ್ರ ಎದ್ದು ಕೂರುತ್ತದೆ.

ಯಾರೂ ಕೇಳದ ಪೆಟ್ಟಿಗೆ

ನಾನು ಹಟ ಹಿಡಿದದ್ದು ಎಸ್‌ಎಂಪಿಎಸ್ ವಿಷಯದಲ್ಲಿ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಎಲ್ಲರಿಗೂ ಬಡಿಸುವ ಪೆಟ್ಟಿಗೆ ಇದು. ಅಡುಗೆಯವನೇ ಕೆಟ್ಟರೆ ಪಂಕ್ತಿಗೆಲ್ಲ ಹೊಟ್ಟೆನೋವು! ಕ್ಯಾಬಿನೆಟ್ ಜೊತೆ 'ಫ್ರೀ' ಬರುವ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ಅಚ್ಚಾಗಿರಬಹುದು. ಅಷ್ಟನ್ನು ಅದು ನಿಜಕ್ಕೂ ಕೊಡುತ್ತದೆಂಬ ಭರವಸೆ ಇಲ್ಲ. ಅದು ಸಾಯುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. '80 ಪ್ಲಸ್' ಎಂಬ ಮುದ್ರೆ ಇರುವ, ಹೆಸರುಳ್ಳ ಕಂಪನಿಯ ಪೆಟ್ಟಿಗೆ ಕೇಳಿ. ನೂರು ಯೂನಿಟ್ ಒಳಗೆ ಹೋದರೆ ಎಂಬತ್ತಾದರೂ ಕೆಲಸಕ್ಕೆ ಬರುತ್ತದೆ, ಬಿಸಿಯಾಗಿ ಹೋಗುವುದಿಲ್ಲ ಎಂಬುದು ಆ ಮುದ್ರೆಯ ಅರ್ಥ. ವ್ಯಾಟುಗಳ ಪೈಪೋಟಿಗೆ ಬೀಳಬೇಡಿ. 5600ಜಿ ಪ್ರೊಸೆಸರಿನ ಲೆಕ್ಕ 65 ವ್ಯಾಟ್. ಮುಂದೊಂದು ದಿನ ಆರ್‌ಟಿಎಕ್ಸ್ 4060ರಂಥ ಕಾರ್ಡ್ ಹಾಕಿದರೂ ಅದರದು 115. ಒಳ್ಳೆಯ 450 ವ್ಯಾಟ್ ಧಾರಾಳ.

ಅಂದ ಹಾಗೆ, ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂಬ ದೂರು ಅನೇಕ ಮನೆಗಳಲ್ಲಿದೆ. ಜನ ಯಂತ್ರವನ್ನು ಬೈಯುತ್ತಾರೆ. ತಪ್ಪು ಬಹುಮಟ್ಟಿಗೆ ಗೋಡೆಯದು. ಎಸ್‌ಎಂಪಿಎಸ್ ಒಳಗಿನ ಶೋಧಕ ಕೆಪಾಸಿಟರುಗಳು ಕಿಂಚಿತ್ ವಿದ್ಯುತ್ತನ್ನು ಅರ್ಥ್ ತಂತಿಗೆ ಹರಿಸುವಂತೆಯೇ ರಚನೆ ಇರುತ್ತದೆ. ಸಾಕೆಟ್ಟಿನ ಮೂರನೆಯ ತೂತಿಗೆ ಅರ್ಥ್ ಕೊಟ್ಟಿಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ದರ್ಜಿಯವರ ಬಾಡಿಗೆ ಮನೆಯಲ್ಲಿ ಹೀಗೇ ಆಗಿತ್ತು; ಮೂರು ತೂತಿನ ಸಾಕೆಟ್, ಹಿಂದೆ ಎರಡೇ ತಂತಿ. ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಯುಪಿಎಸ್ 600 ವಿಎ. ಇದು ಹೆಚ್ಚುಕಡಿಮೆ 360 ವ್ಯಾಟ್ ಹೊರುತ್ತದೆ. ಕರೆಂಟ್ ಹೋದಾಗ ಬರೆದದ್ದನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಆರಿಸಲು ಸಮಯ ಕೊಡುತ್ತದೆ, ಸಿನಿಮಾ ಮುಗಿಸಲಿಕ್ಕಲ್ಲ. ಮಾನಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಐಪಿಎಸ್ ಪರದೆ, 1920x1080 ಚುಕ್ಕಿ, ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ಇಂಚು. ನಾಲ್ಕು ವರ್ಷ ಮಗು ನೋಡುವುದು ಇದನ್ನೇ, ಆದ್ದರಿಂದ ಅಂಗಡಿಯಲ್ಲಿ ಹಚ್ಚಿಸಿ ಕಣ್ಣಾರೆ ನೋಡಿ.

ಸೆಕೆಂಡ್ ಹ್ಯಾಂಡ್ ಬೇಡವೇ? ಹಾಗೇನಿಲ್ಲ. 20–25 ಸಾವಿರವಷ್ಟೇ ಇರುವವರಿಗೆ ಕಂಪನಿಗಳು ಬಳಸಿ ಬಿಟ್ಟ ಕಚೇರಿ ಯಂತ್ರಗಳು ಒಳ್ಳೆಯ ದಾರಿ. ಎಂಟನೆಯ ತಲೆಮಾರಿಗಿಂತ ಹಿಂದಿನದು ಬೇಡ. ಇಂಥ ಅನೇಕ ಮಾದರಿಗಳ ಎಸ್‌ಎಂಪಿಎಸ್ ಮತ್ತು ಬೋರ್ಡು ಅವರದೇ ಅಳತೆಯವು, ಕೆಟ್ಟರೆ ಬೇರೆಯವು ಕೂರುವುದಿಲ್ಲ ಎಂಬುದು ನೆನಪಿರಲಿ. ಹಳೆಯ ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಮಾತ್ರ ನನಗೆ ಅಳುಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ 'ಗಣಿಗಾರಿಕೆ' ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಿದ್ದವು. ಒರೆಸಿ ಇಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿದಾಗ ಪ್ರೊಸೆಸರ್ 12 ಸಾವಿರ, ಮಾನಿಟರ್ 8, ಬೋರ್ಡು 7, ಎಸ್‌ಎಸ್‌ಡಿ 4, ಎಸ್‌ಎಂಪಿಎಸ್ 3, ಯುಪಿಎಸ್ 3, ದೀಪವಿಲ್ಲದ ಕರಿ ಕ್ಯಾಬಿನೆಟ್ ಎರಡೂವರೆ, ರ‍್ಯಾಮ್ ಮೂರೂವರೆ, ಕೀಬೋರ್ಡ್ ಮೌಸ್ ಒಂದು. ಹತ್ತಿರ ಹತ್ತಿರ 44 ಸಾವಿರ. ಉಬುಂಟು ಲಿನಕ್ಸ್ ಪುಕ್ಕಟೆ. ಅವಳ ಪಾಠಕ್ಕೆ ಅದೇ ಸಾಕು. ಟ್ಯಾಲಿ, ಆಟೋಕ್ಯಾಡ್ ಬೇಕಾದವರು ಮಾತ್ರ ವಿಂಡೋಸಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಣ ಎಣಿಸುವಾಗ ಅಂಗಡಿಯವನು ತಗ್ಗಿದ ದನಿಯಲ್ಲಿ, 'ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ ಸಾರ್' ಎಂದ. 18 ಪರ್ಸೆಂಟ್ ಜಿಎಸ್‌ಟಿ ಎಂದರೆ ಸಣ್ಣ ಮೊತ್ತವಲ್ಲ. ದರ್ಜಿಯ ಕಣ್ಣು ಒಂದು ಕ್ಷಣ ಅರಳಿದ್ದು ಸುಳ್ಳಲ್ಲ. ಆದರೆ ಬಿಲ್ ಇಲ್ಲದಿದ್ದರೆ ನಾಳೆ ಬೋರ್ಡು ಕೆಟ್ಟಾಗ ಗ್ಯಾರಂಟಿ ಕೇಳುವುದು ಯಾರನ್ನು? ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ಹೊಣೆ ಇರುತ್ತದೆ. ಪೆಟ್ಟಿಗೆಯಿಲ್ಲದೆ 'ಟ್ರೇ' ಎಂದು ಕೊಡುವುದಕ್ಕೆ ಅಂಗಡಿಯವನ ಮಾತೇ ಗ್ಯಾರಂಟಿ. ಬಿಲ್ ಬರೆಸಿದೆವು, ಪ್ರತಿಯೊಂದರ ಮಾದರಿ ಸಂಖ್ಯೆ ಮತ್ತು ಸೀರಿಯಲ್ ನಂಬರಿನ ಸಮೇತ.

ಜೋಡಿಸಿದವಳು ಹುಡುಗಿಯೇ. ನಾನು ಪಕ್ಕದಲ್ಲಿ ಕುಳಿತಿದ್ದೆ ಅಷ್ಟೆ. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕತ್ತಲೆ. ಅಪ್ಪನ ಮುಖವೂ ಹಾಗೇ ಆಯಿತು. ರ‍್ಯಾಮ್ ಪಟ್ಟಿಗಳಲ್ಲಿ ಒಂದು ಪೂರ್ತಿ ಕೂತಿರಲಿಲ್ಲ. ಕರೆಂಟ್ ತೆಗೆದು, ಎರಡೂ ತುದಿಯಲ್ಲಿ 'ಟಕ್' ಎನ್ನುವವರೆಗೆ ಅವಳು ಒತ್ತಿದಳು. ಮತ್ತೆ ಹಚ್ಚಿದಾಗ ಬೆಳಕು ಬಂತು.

ಅಪ್ಪ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದರು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು.