ಹದಿನಾರನೇ ದಿನದ ಚೀಲ

ವೀಕ್ಷಕರೇ, ಕರುಳಿನ ಆಪರೇಷನ್ ಅಂದ್ರೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: ಆಪರೇಷನ್ ಸಕ್ಸಸ್ ಆಯ್ತಾ? ಆಯ್ತು ಅಂದ್ರೆ ಸುದ್ದಿ ಮುಗೀತು. ಆದರೆ ಮನೆಯವರ ಪರೀಕ್ಷೆ ಶುರುವಾಗೋದೇ ಡಿಸ್ಚಾರ್ಜ್ ಆದ ಮೇಲೆ.

ಮೂಡಲಗಿ ಕಡೆಯ ಒಬ್ಬ ಕಬ್ಬು ಬೆಳೆಗಾರರನ್ನ ಊಹಿಸಿಕೊಳ್ಳಿ. ಟೈಫಾಯ್ಡ್‌ಗೆ ಎರಡು-ಮೂರು ವಾರ ಸರಿಯಾದ ಚಿಕಿತ್ಸೆ ಸಿಗದೇ ಇದ್ದಾಗ ಸಣ್ಣ ಕರುಳಿಗೆ ತೂತು ಬೀಳಬಹುದು. ಇವರಿಗೂ ಹಾಗೇ ಆಗಿ, ಬೆಳಗಾವಿಯಲ್ಲಿ ತುರ್ತು ಶಸ್ತ್ರಚಿಕಿತ್ಸೆ ಆಯ್ತು ಅನ್ನೋಣ. ಕೆಟ್ಟ ಭಾಗ ತೆಗೆದು, ಕರುಳಿನ ತುದಿಯನ್ನ ಹೊಟ್ಟೆಯ ಮೇಲೆ ತಂದು ಹೊಲಿದಿದ್ದಾರೆ. ಇದಕ್ಕೆ ಸ್ಟೋಮಾ ಅಂತಾರೆ. ಇನ್ನು ಮಲ ಬೀಳೋದು ಅದಕ್ಕೆ ಅಂಟಿಸಿದ ಚೀಲಕ್ಕೆ. ಗುದನಾಳದ ಕ್ಯಾನ್ಸರ್ ಆದವರಲ್ಲೂ ಎಷ್ಟೋ ಜನರಿಗೆ ಇದೇ ವ್ಯವಸ್ಥೆ.

ಊರಿಗೆ ಬಂದರೆ ನೋಡಲು ಬಂದವರ ಸಾಲು. "ಆಪರೇಷನ್ ಚಲೋ ಆತಲ್ರೀ ಕಾಕಾ?" ಅಂತ ಕೇಳ್ತಾರೆ. ಕಾಕಾ ಧೋತರ ಸರಿಮಾಡಿಕೊಂಡು "ಹೂಂ" ಅಂತಾರೆ, ಅಷ್ಟೇ. ವಾಸನೆ ಬಂದೀತು, ಚೀಲ ಉಬ್ಬೀತು ಅನ್ನೋ ಅಂಜಿಕೆ. ಆ ಅಂಜಿಕೆಗೆ ಅವರು ಕಂಡುಕೊಳ್ಳೋ ಉಪಾಯ ಏನು ಗೊತ್ತಾ? ಊಟ ಕಡಿಮೆ ಮಾಡೋದು, ನೀರು ಬಿಡೋದು. ಅಪಾಯ ಇರೋದೇ ಇಲ್ಲಿ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಪೈಪಿನ ಲೆಕ್ಕದಲ್ಲೇ ಹೇಳ್ತೀನಿ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಮತ್ತು ಉಪ್ಪನ್ನ ದೇಹಕ್ಕೆ ವಾಪಸ್ ಎಳೆದುಕೊಳ್ಳೋದು. ದಿನಕ್ಕೆ ಒಂದು ಲೀಟರಿಗೂ ಮೇಲೆ. ಸಣ್ಣ ಕರುಳನ್ನೇ ಹೊರಗೆ ತಂದಾಗ ಆ ನೀರು ವಾಪಸ್ ಬರೋ ದಾರಿ ಬಂದ್. ನೀವು ಕುಡಿಯದೇ ಇದ್ದರೂ ಚೀಲಕ್ಕೆ ನೀರು ಹೋಗ್ತಾನೇ ಇರುತ್ತೆ. ದಿನಕ್ಕೆ ಒಂದೂವರೆ ಲೀಟರ್ ದಾಟಿತು, ಮೂತ್ರ ಕಡಿಮೆಯಾಯ್ತು, ತಲೆ ಸುತ್ತಿತು ಅಂದ್ರೆ ತಡ ಮಾಡದೇ ಆಸ್ಪತ್ರೆಗೆ ಹೋಗಬೇಕು, ಇಲ್ಲಾಂದ್ರೆ ಮೂತ್ರಪಿಂಡಕ್ಕೆ ಏಟು. ಬರೀ ನೀರು ಸಾಲದು, ಓಆರ್‌ಎಸ್ ಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಸಾವಿರಾರು ಕಾಲರಾ ರೋಗಿಗಳ ಜೀವ ಉಳಿಸಿದ್ದು ಇದೇ ಉಪ್ಪು-ಸಕ್ಕರೆ ನೀರಿನಿಂದ.

ಊಟದ ವಿಷಯ. ಮೊದಲ ಆರರಿಂದ ಎಂಟು ವಾರ ಕರುಳು ಬಾತುಕೊಂಡಿರುತ್ತೆ. ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು ಒಗ್ಗುತ್ತವೆ. ಇಡೀ ಶೇಂಗಾ, ಗೋವಿನಜೋಳ, ಕೊಬ್ಬರಿ ಸದ್ಯಕ್ಕೆ ಬೇಡ, ಸಿಕ್ಕಿಹಾಕಿಕೊಳ್ಳಬಹುದು. ಗೋಕಾಕದ ಕರದಂಟೂ ಸ್ವಲ್ಪ ದಿನ ಕಾಯಲಿ! ರೊಟ್ಟಿ ತಿನ್ನದೇ ಇರಲಾರೆ ಅನ್ನೋರು ಡಾಕ್ಟರನ್ನ ಕೇಳಿ, ಹಾಲಲ್ಲಿ ನೆನೆಸಿ, ಚೆನ್ನಾಗಿ ಅಗಿದು, ಸ್ವಲ್ಪ ಸ್ವಲ್ಪವೇ ಶುರುಮಾಡಿ.

ಸ್ಟೋಮಾ ಕೆಂಪಗೆ, ಒದ್ದೆಯಾಗಿ ಇದ್ದರೆ ಅದೇ ಆರೋಗ್ಯ. ಮುಟ್ಟಿದರೆ ನೋಯೋದಿಲ್ಲ. ಕಪ್ಪಾದರೆ ಮಾತ್ರ ಓಡಿ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಭಾರವಾದರೆ ಅಂಟು ಕಿತ್ತುಬರುತ್ತೆ. ತಳದ ತೂತು ಸ್ಟೋಮಾಗಿಂತ ಎರಡು-ಮೂರು ಮಿಲಿಮೀಟರ್ ದೊಡ್ಡದಿರಲಿ, ಹೆಚ್ಚು ಬೇಡ. ಸಂದಿನಲ್ಲಿ ಮಲ ತಾಗಿ ಚರ್ಮ ಸುಟ್ಟಂತಾಗುತ್ತೆ. ಇದನ್ನ ಹೆಂಡತಿಗೋ ಮಗನಿಗೋ ಮಾತ್ರ ಕಲಿಸಿ ಕಳಿಸೋದು ನನಗೆ ಸರಿ ಕಾಣಲ್ಲ. ರೋಗಿಯ ಕೈಯಲ್ಲೇ, ಡಿಸ್ಚಾರ್ಜ್‌ಗೆ ಮೊದಲೇ, ಎರಡು ಸಲ ಮಾಡಿಸಬೇಕು.

ಅಂದಹಾಗೆ, ಈ ಚೀಲ ಹುಟ್ಟಿದ್ದೂ ಮನೆಯವರ ಸಂಕಟದಿಂದಲೇ. ಸ್ಟೋಮಾ ಆದ ತಂಗಿ ಮನೆಯಿಂದ ಹೊರಗೆ ಬರಲು ಹೆದರಿದಾಗ, ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್‌ಸೆನ್ 1954ರಲ್ಲಿ ಅಂಟುವ ಚೀಲದ ಕಲ್ಪನೆ ಕೊಟ್ಟರು. ಅದನ್ನ ಪ್ಲಾಸ್ಟಿಕ್‌ನಲ್ಲಿ ತಯಾರಿಸಿದ್ದು ಒಬ್ಬ ಎಂಜಿನಿಯರ್, ಆಗೇ ಲೂಯಿ-ಹ್ಯಾನ್ಸೆನ್.

ಈಗ ದುಡ್ಡಿನ ಮಾತು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಡಿಸ್ಚಾರ್ಜ್ ನಂತರದ ಆರೈಕೆಗೆ ಆಯುಷ್ಮಾನ್ ಭಾರತ್ ಇಟ್ಟಿರೋ ಅವಧಿ 15 ದಿನ. ತಾತ್ಕಾಲಿಕ ಸ್ಟೋಮಾ ಮುಚ್ಚೋಕೆ ಸಾಮಾನ್ಯವಾಗಿ ಎರಡು-ಮೂರು ತಿಂಗಳು ಬೇಕು, ಕೆಲವರಿಗೆ ಅದು ಜೀವನಪೂರ್ತಿ. ಹದಿನಾರನೇ ದಿನದಿಂದ ಚೀಲ ಯಾರು ಕೊಡ್ತಾರೆ? 2022ರ ಜುಲೈನಲ್ಲಿ ಇದರ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು, ಒಳ್ಳೇದೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಸ್ಟೋಮಾ ಇಲ್ಲ. ದುಡ್ಡು ಉಳಿಸೋಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಚರ್ಮ ಹುಣ್ಣು ಮಾಡಿಕೊಂಡ ಬಡವರನ್ನ ಬೈದು ಏನು ಪ್ರಯೋಜನ? ಶುಗರ್ ಮಾತ್ರೆ ಕೊಡೋ ತಾಲೂಕು ಆಸ್ಪತ್ರೆಯ ಅದೇ ಕಿಟಕಿಯಲ್ಲಿ ಈ ಚೀಲವೂ ಸಿಗಬೇಕು ಅಂತ ಕೇಳೋದು ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ವಿಷಯ, ಸ್ಟೋಮಾ ಮುಚ್ಚಿಸಿಕೊಂಡವರಿಗೆ. ಗುದನಾಳದ ಆಪರೇಷನ್ ಆದವರಿಗೆ ಮುಚ್ಚಿದ ಮೇಲೂ ದಿನಕ್ಕೆ ಏಳೆಂಟು ಸಲ ಹೊರಗೆ ಓಡೋ ಹಾಗಾಗಬಹುದು, ತಿಂಗಳುಗಟ್ಟಲೆ. ಆಪರೇಷನ್ ಕೆಟ್ಟಿತು ಅಂತಲ್ಲ. ಕರುಳು ಮತ್ತೆ ಕಲೀತಾ ಇದೆ. ಇದಕ್ಕೆ ಮಾತ್ರೆ ಇದೆ, ಸ್ನಾಯುಗಳಿಗೆ ವ್ಯಾಯಾಮ ಇದೆ. ಮುಂದಿನ ತಪಾಸಣೆಗೆ ಹೋದಾಗ ನಾಚಿಕೆ ಬಿಟ್ಟು ಕೇಳಿ, ದಿನಕ್ಕೆ ಎಷ್ಟು ಸಲ ಅನ್ನೋದನ್ನ ಚೀಟಿಯಲ್ಲಿ ಬರೆದುಕೊಂಡೇ ಹೋಗಿ.